ಕೆಲಸ ಮುಗಿಯದ ಧ್ಯಾನಮಂದಿರ

ಮರುಳಸಿದ್ಧ ಎಂಬ ಶಿಷ್ಯ ಒಂದು ದಿನ ಗುರುಗಳನ್ನು ಕೇಳಿದ: "ಧ್ಯಾನಕ್ಕೆ ಕೂತರೆ ಎದೆ ಡವಗುಟ್ಟುತ್ತದೆ. ನಾಳೆ ಏನಾಗುವುದೋ ಎಂಬ ಅಳುಕು ಬಿಡುವುದಿಲ್ಲ. ಇದು ಹೋಗಲಿ, ಆಮೇಲೆ ಕೂರುತ್ತೇನೆ. ಆಗಬಹುದೇ?"

ಗುರುಗಳು ಆಗಬಹುದು ಎನ್ನಲಿಲ್ಲ, ಆಗದು ಎಂದೂ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ನಗರದಲ್ಲಿ ಒಬ್ಬಳು ವಾಸ್ತುಶಿಲ್ಪಿ ಇದ್ದಳು. ಅಲ್ಲಿನ ದೊಡ್ಡ ಆಸ್ಪತ್ರೆಯೊಂದು ಅವಳಿಗೆ ಒಂದು ಕೆಲಸ ಒಪ್ಪಿಸಿತು. ರೋಗಿಗಳ ಕಡೆಯವರು ಸ್ವಲ್ಪ ಹೊತ್ತು ಸುಮ್ಮನೆ ಕೂರಲು ಧ್ಯಾನಮಂದಿರ ಬೇಕು, ಯಾವ ಮತದವರಿಗೂ ಅದು ಪರಕೀಯ ಎನಿಸಬಾರದು. ವಾಹನ ನಿಲ್ಲಿಸುವ ಜಾಗದ ಪಕ್ಕದಲ್ಲಿ ಒಂದು ಪಟ್ಟಿ ನೆಲ ಕೊಟ್ಟರು.

ಅವಳು ಹಳೆಯ ದೇವಾಲಯಗಳನ್ನು ಸುತ್ತಿದಳು, ಟೇಪು ಹಿಡಿದು ಅಳೆದಳು. ಬಿಸಿಲಿನಿಂದ ಮಂಟಪಕ್ಕೆ, ಮಂಟಪದಿಂದ ಗರ್ಭಗುಡಿಗೆ ಹೋಗುತ್ತ ಬೆಳಕು ಹೇಗೆ ಇಳಿಯುತ್ತದೆ, ಸೂರು ಹೇಗೆ ತಗ್ಗುತ್ತದೆ, ಕಾಲು ತಾನಾಗಿ ಹೇಗೆ ನಿಧಾನವಾಗುತ್ತದೆ ಎಂದು ಬರೆದುಕೊಂಡಳು. ಹಾಗೆಯೇ ಕಟ್ಟಿಸಿದಳು. ಮುಂದೆ ಕಲ್ಲಿನ ಜಗಲಿ, ನಡುವೆ ಕಂಬಗಳ ಮಂಟಪ, ಕೊನೆಯಲ್ಲಿ ತಗ್ಗು ಬಾಗಿಲಿನ ಒಂದು ಚಿಕ್ಕ ಕೋಣೆ. ಅದರಲ್ಲಿ ಮೂರ್ತಿಯಿಲ್ಲ, ಕಿಟಕಿಯೂ ಇಲ್ಲ.

ಆ ಕೋಣೆಯೇ ಅವಳ ನೆಮ್ಮದಿ ಕೆಡಿಸಿತು. "ಕತ್ತಲು ನೋಡಿ ಜನ ಹೆದರಿದರೆ?" ಎಂದು ಆಸ್ಪತ್ರೆಯ ಆಡಳಿತಾಧಿಕಾರಿ ಒಮ್ಮೆ ಕೇಳಿದ್ದರು. ಅಂದಿನಿಂದ ಅವಳಿಗೂ ಅದೇ ಭಯ. ಜೀವ ಕೈಯಲ್ಲಿ ಹಿಡಿದು ಬಂದವರಿಗೆ ಅದು ಸಾವಿನ ಹಾಗೆ ಕಂಡರೆ? ದೀಪವಿಡೋಣ ಎಂದುಕೊಂಡಳು; ದೀಪ ಒಂದು ಮತಕ್ಕೆ ಸೇರಿದ್ದಾಗುತ್ತದೆ ಎನಿಸಿತು. ನೀರಿನ ಕೊಳ ಮಾಡೋಣ ಎಂದಳು. ಆಸ್ಪತ್ರೆಯವರು ಸೊಳ್ಳೆಯ ಮಾತೆತ್ತಿದರು. ಸೂರಿಗೆ ಗಾಜು ಕೂರಿಸುವ ನಕ್ಷೆ ಬರೆದಳು, ಹರಿದಳು, ಮತ್ತೆ ಬರೆದಳು. ಊಟ ರುಚಿಸದಾಯಿತು. ಉದ್ಘಾಟನೆಗೆ ಎರಡೇ ದಿನ ಉಳಿದಿತ್ತು. ಕೋಣೆಯ ನೆಲ ಅರ್ಧ ಮಾತ್ರ ಆಗಿತ್ತು. ಮೂಲೆಯಲ್ಲಿ ಸಿಮೆಂಟಿನ ಚೀಲಗಳಿದ್ದವು. ಬಾಗಿಲ ಬಳಿ ಎರಡು ಕಲ್ಲುಗಳ ಸಂದು ಸೊಟ್ಟಗಿತ್ತು, ಅವಳ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಅಂದು ಮಧ್ಯಾಹ್ನ ಬಸ್ ಕಂಡಕ್ಟರ್ ಒಬ್ಬ ಜಗಲಿಯ ಮುಂದೆ ಬಂದು ನಿಂತ. ಕೆಲಸದ ನಡುವಿನಿಂದ ಓಡಿಬಂದವನು, ಮೈಮೇಲೆ ಖಾಕಿ ಅಂಗಿ ಹಾಗೆಯೇ ಇತ್ತು.

"ಇಲ್ಲಿ ಸ್ವಲ್ಪ ಕೂರಬಹುದಾ?"

"ಇನ್ನೂ ಮುಗಿದಿಲ್ಲ. ನಾಡಿದ್ದು ಬನ್ನಿ, ಆಗ ಎಲ್ಲ ಸರಿಯಾಗಿರುತ್ತದೆ."

"ನನ್ನ ಹೆಂಡತಿಗೆ ಹೃದಯದ ಆಪರೇಷನ್, ಮೇಡಂ. ಈಗ ಒಳಗೆ ನಡೀತಾ ಇದೆ."

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಕಲ್ಲು ಉಜ್ಜುವ ಯಂತ್ರ ನಿಲ್ಲಿಸುವಂತೆ ಕೆಲಸದವರಿಗೆ ಕೈಸನ್ನೆ ಮಾಡಿದಳು.

ಅವನು ಚಪ್ಪಲಿ ಬಿಟ್ಟು ಮಂಟಪ ದಾಟಿ, ತಲೆ ತಗ್ಗಿಸಿ ಕೋಣೆಯೊಳಗೆ ಹೋದ. ಅವಳು ಹಾಸಲು ಏನಾದರೂ ಸಿಗುತ್ತದೇನೋ ಎಂದು ಹುಡುಕಿ, ಒಂದು ರಟ್ಟು ಹಿಡಿದು ಬರುವಷ್ಟರಲ್ಲಿ ಚೀಲಗಳ ಪಕ್ಕ ಬರಿ ನೆಲದ ಮೇಲೆ ಕೂತುಬಿಟ್ಟಿದ್ದ. ಮುಖ ಗೋಡೆಯ ಕಡೆಗಿತ್ತು. ಅವಳು ರಟ್ಟು ಹಿಡಿದೇ ಬಾಗಿಲಲ್ಲಿ ನಿಂತಳು. ಧೂಳಿಗೆ ಕೆಮ್ಮು ಬಂದರೆ? ಕತ್ತಲಿಗೆ ಹೆದರಿ ಎದ್ದು ಬಂದರೆ? ಯಾವ ದೀಪವನ್ನಾದರೂ ಇಟ್ಟಿರಬೇಕಿತ್ತು ಎಂದು ತನ್ನನ್ನೇ ಬೈದುಕೊಂಡಳು.

ಅವನು ಎದ್ದು ಬರಲಿಲ್ಲ.   ಹೊರಗೆ ಆಂಬುಲೆನ್ಸ್ ಕೂಗಿದಾಗ ಅವನ ಹೆಗಲು ಬಿಗಿದವು, ಆಮೇಲೆ ಸಡಿಲವಾದವು. ನಿಂತು ನಿಂತು ಕಾಲು ಸೋತು ಅವಳೂ ಹೊಸ್ತಿಲ ಹೊರಗೆ ಕೂತಳು. ಕೆಲಸದವರು ಬೀಡಿ ಹಚ್ಚದೆ ಕಂಬಗಳಿಗೆ ಒರಗಿ ಕೂತರು. ಒಂದು ಗಂಟೆ ಕಳೆಯಿತು, ಎರಡು ಕಳೆಯಿತು. ಸೊಟ್ಟಗಿದ್ದ ಸಂದು ಅವಳ ಕಣ್ಣೆದುರಿಗೇ ಇತ್ತು, ಅದರ ನೆನಪು ಅವಳಿಗಿರಲಿಲ್ಲ. ತಾನು ಎಂದೂ ಕಾಣದ ಒಬ್ಬ ಹೆಂಗಸಿನ ಉಸಿರಿನ ಬಗ್ಗೆ ಯೋಚಿಸುತ್ತಿದ್ದಳು.

ಹೀಗೆ ನಾಲ್ಕು ಗಂಟೆ ಕಳೆದ ಮೇಲೆ ನರ್ಸ್ ಒಬ್ಬಳು ಜಗಲಿಯ ಹತ್ತಿರ ಬಂದು ಅವನನ್ನು ಕರೆದಳು. ಡಾಕ್ಟರು ಮಾತಾಡಬೇಕಂತೆ ಎಂದಳು, ಅಷ್ಟೇ. ಅವನು ಪ್ಯಾಂಟಿಗೆ ಅಂಟಿದ ಸಿಮೆಂಟು ಕೊಡವಿಕೊಂಡು ಎದ್ದ. ಬಾಗಿಲಲ್ಲಿ ಬಗ್ಗಿ ಹೊರಗೆ ಬಂದ. ಚಪ್ಪಲಿ ಮೆಟ್ಟಿಕೊಂಡು ನರ್ಸಿನ ಹಿಂದೆ ಹೋದ.

ಮರುದಿನ ವಾಸ್ತುಶಿಲ್ಪಿ ಚೀಲಗಳನ್ನು ಹೊರಗೆ ಸಾಗಿಸಿ ನೆಲ ಮುಗಿಸಿದಳು. ಗಾಜಿನ ನಕ್ಷೆ ಕೈಬಿಟ್ಟಳು. ಏನು ಇಡೋಣ ಎಂದು ಆಡಳಿತಾಧಿಕಾರಿ ಕೇಳಿದಾಗ, "ಏನೂ ಬೇಡ. ಅದು ಹೀಗೇ ಇರಲಿ" ಎಂದಳು. ಉದ್ಘಾಟನೆಯಾಯಿತು. ಜನ ಬಂದು ಕೂರತೊಡಗಿದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮರುಳಸಿದ್ಧ ಮುಂದಿನ ಮಾತಿಗೆ ಕಾದ.  ಅವನಿಗೆ ತಡೆಯಲಾಗಲಿಲ್ಲ.

"ಕಂಡಕ್ಟರನ ಹೆಂಡತಿ ಬದುಕಿದಳೇ?"

"ಅದು ಗೊತ್ತಿಲ್ಲದೆಯೇ ಅವನು ನಾಲ್ಕು ಗಂಟೆ ಕೂತಿದ್ದ, ನೀನು ಒಂದು ಗಳಿಗೆ ಕೂರು" ಎಂದರು ಗುರುಗಳು.