ಪಾತ್ರೆ ವ್ಯಾಪಾರಿಯ ನಾಲ್ಕು ಫ್ಯಾನಿನ ರೇಡಿಯೇಟರ್

"ಮಾವ, ಇನ್ನೊಬ್ಬನದನ್ನು ನೋಡಿ ಹೊಟ್ಟೆ ಉರಿಯದಿದ್ದರೆ ಮನುಷ್ಯ ಒಳ್ಳೆಯ ಯಂತ್ರವನ್ನು ಕಟ್ಟುವುದಾದರೂ ಯಾಕೆ?" ಎಂದು ತಿಪ್ಪೇಶ ಕೇಳಿದ.

ಬೋರಯ್ಯ ಮಾವ ಕಂಪ್ಯೂಟರ್ ಜೋಡಿಸುವುದರಲ್ಲಿ ಗುರು. ತಿಪ್ಪೇಶ ಅವರ ಅಕ್ಕನ ಮಗ, ನಾಲ್ಕು ವರ್ಷಗಳಿಂದ ಶಿಷ್ಯ. ಅವನ ಜೊತೆಗೇ ಕಲಿತ ವೀರೇಶ ಹೋದ ವಾರ ತನಗಾಗಿ ಒಂದು ಆಟದ ಕಂಪ್ಯೂಟರ್ ಕಟ್ಟಿಕೊಂಡಿದ್ದ. ಒಳಗೆ ಕೊಳವೆಗಳಲ್ಲಿ ನೀರು ಹರಿದು ತಂಪಾಗಿಡುವ ಜಾತಿಯದು. ಅದನ್ನು ನೋಡಿ ಬಂದಾಗಿನಿಂದ ತಿಪ್ಪೇಶ ಸರಿಯಾಗಿ ಮಾತಾಡುತ್ತಿರಲಿಲ್ಲ. ತಾನೂ ಒಂದನ್ನು ಕಟ್ಟಬೇಕೆಂದು ಬಿಡಿಭಾಗಗಳನ್ನು ಆರಿಸುತ್ತ ಕೂತಿದ್ದ.

"ಇದಕ್ಕೆ ಉತ್ತರ ಹೇಳಬಲ್ಲವರು ಭೂಮಿಯ ಮೇಲೆ ಇಬ್ಬರೇ," ಎಂದರು ಮಾವ. "ಇನ್ನೊಬ್ಬರು ಯಾರೋ ನನಗೆ ಗೊತ್ತಿಲ್ಲ. ಕೂತ್ಕೋ."

ಹೀಗೆಂದು ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನಿಗೆ ಒಬ್ಬ ಗೆಳೆಯ. ಗೆಳೆಯನದು ಕನ್ನಡಕದ ಅಂಗಡಿ. ಹಗಲೆಲ್ಲ ಒಬ್ಬ ಕೊಡ ಮಾರುವನು, ಒಬ್ಬ ಕನ್ನಡಕ ಮಾರುವನು. ಸಂಜೆ ಅಂಗಡಿಯ ಬಾಗಿಲು ಎಳೆದ ಮೇಲೆ ಇಬ್ಬರೂ ಅವರವರ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಕಾದಾಟದ ಆಟ ಆಡುತ್ತಿದ್ದರು. ಅದು ಜೋಡಿ ಆಟ. ಪಾತ್ರೆಯವನು ಮುಂದೆ ನುಗ್ಗುವನು. ಕನ್ನಡಕದವನು ಹಿಂದಿನಿಂದ ಅವನನ್ನು ಕಾಯುವನು. ಹತ್ತು ವರ್ಷ ಹೀಗೆ ಆಡಿದರು. ಜಿಲ್ಲಾ ಪಂದ್ಯದ ಕೊನೆಯ ಸುತ್ತಿಗೆ ನಾಲ್ಕು ಸಲ ಬಂದರು, ನಾಲ್ಕು ಸಲವೂ ಸೋತರು. ಈ ವರ್ಷ ಗೆದ್ದೇ ಮನೆಗೆ ಬರುವುದು ಎಂದು ಇಬ್ಬರೂ ಕೈ ಹಿಡಿದು ಆಣೆ ಮಾಡಿದ್ದರು. ನಾಲ್ಕು ಸಲವೂ ಅವರನ್ನು ಸೋಲಿಸಿದ ಜೋಡಿಯಲ್ಲಿ ಒಬ್ಬ ಯಾರೆಂದು ಹೇಳಲು ನನಗೆ ಸಂಕೋಚ.

"ನೀವಾ ಮಾವ?" ಎಂದ ತಿಪ್ಪೇಶ.

"ಸಂಕೋಚ ಅಂದೆನಲ್ಲಪ್ಪ, ಬಿಡು."

ಪಾತ್ರೆಯವನ ಯಂತ್ರ ಹಳೆಯದು. ಆಟ ಬಿರುಸಾಯಿತೆಂದರೆ ಅದರ ಫ್ಯಾನು ಎಂಥ ಸದ್ದು ಮಾಡುತ್ತಿತ್ತೆಂದರೆ, ಹಿಂದಿನ ಬೀದಿಯ ಹೆಂಗಸರು ಹಿಟ್ಟಿನ ಗಿರಣಿ ಶುರುವಾಯಿತೆಂದು ರಾಗಿಯ ಡಬ್ಬಿ ಹಿಡಿದುಕೊಂಡು ಬಂದುಬಿಡುತ್ತಿದ್ದರು. ಅವನು ಆ ಸದ್ದಿನಲ್ಲೇ ಆಡುತ್ತಿದ್ದ. ಆಟ ಮುಗಿದಾಗ ಯಾರು ಎಷ್ಟು ಜನರನ್ನು ಹೊಡೆದರು ಎಂಬ ಲೆಕ್ಕ ಪರದೆಯ ಮೇಲೆ ಬರುತ್ತದಲ್ಲ, ಅದರಲ್ಲಿ ದಿನವೂ ಅವನ ಹೆಸರೇ ಮೇಲೆ. ಅವನು ಅದನ್ನು ನೋಡುವ ಮೊದಲೇ ಎದ್ದು ಊಟಕ್ಕೆ ಹೋಗುತ್ತಿದ್ದ.

ಒಂದು ದಿನ ಕನ್ನಡಕದವನು ನೀರಿನ ಯಂತ್ರ ತಂದ.

ಅದರ ಒಂದು ಬದಿಗೆ ಗಾಜು. ಗಾಜಿನ ಒಳಗೆ ನೀಲಿ ಕೊಳವೆ. ಪಂಪು ನೀರನ್ನು ತಳ್ಳುತ್ತದೆ. ಪ್ರೊಸೆಸರಿನ ಮೇಲೆ ಒಂದು ತಾಮ್ರದ ಬಿಲ್ಲೆ ಕೂತಿರುತ್ತದೆ. ಬಿಲ್ಲೆಯ ಒಳಗೆ ಕೂದಲೆಳೆಯಂಥ ಕಾಲುವೆಗಳು. ನೀರು ಅವುಗಳಲ್ಲಿ ಹಾದು, ಕಾವನ್ನು ಹೊತ್ತುಕೊಂಡು ರೇಡಿಯೇಟರಿಗೆ ಹೋಗುತ್ತದೆ. ಅಲ್ಲಿ ಫ್ಯಾನಿನ ಗಾಳಿಗೆ ತಣ್ಣಗಾಗಿ ತಿರುಗಿ ಬರುತ್ತದೆ. ಸದ್ದೇ ಇಲ್ಲ. ಅದು ಎಷ್ಟು ತಂಪಾಗಿತ್ತೆಂದರೆ, ಕನ್ನಡಕದವನ ಹೆಂಡತಿ ಮೊಸರಿನ ಪಾತ್ರೆಯನ್ನು ಅದರ ಪಕ್ಕ ಇಟ್ಟಳು, ಮೂರು ದಿನವಾದರೂ ಮೊಸರು ಹುಳಿಯಾಗಲಿಲ್ಲ. ನಾಲ್ಕನೆಯ ದಿನ ಅದು ತಿರುಗಿ ಹಾಲೇ ಆಯಿತು ಎಂದು ಕೆಲವರು ಹೇಳುತ್ತಾರೆ. ಅದನ್ನು ನಾನು ನಂಬುವುದಿಲ್ಲ. ಮೂರು ದಿನದ್ದನ್ನು ಮಾತ್ರ ನಂಬುತ್ತೇನೆ.

ಪಾತ್ರೆಯವನು ನೋಡಲು ಹೋದ. ಗಾಜಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಕೊಟ್ಟ ಕಾಫಿ ಕೆನೆಗಟ್ಟಿತು.

"ಹೆಂಗಿದೆಯೋ?" ಎಂದ ಕನ್ನಡಕದವನು.

"ಪರವಾಗಿಲ್ಲ," ಎಂದ ಪಾತ್ರೆಯವನು.

ಆ ಒಂದು ಮಾತನ್ನು ಹೊರಗೆ ಹಾಕುವುದು ಅವನಿಗೆ ಎಷ್ಟು ಕಷ್ಟವಾಯಿತೆಂದರೆ, ಮನೆಗೆ ಬಂದು ಎರಡು ಚೊಂಬು ನೀರು ಕುಡಿದ. ಆಮೇಲೆ ಆಟಕ್ಕೆ ಕೂತ. ಹತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ತನ್ನ ಫ್ಯಾನಿನ ಸದ್ದು ಕೇಳಿಸಿತು.

ಅಂದಿನಿಂದ ಅವನಿಗೆ ಬೇರೆ ಯೋಚನೆಯಿಲ್ಲ. ಕೊಡ ಕೊಳ್ಳಲು ಬಂದವರಿಗೆ ತಪ್ಪಲೆ ಕಟ್ಟಿಕೊಟ್ಟ. ಏನಾದರೊಂದು ನೆಪ ಮಾಡಿಕೊಂಡು ದಿನವೂ ಗೆಳೆಯನ ಮನೆಗೆ ಹೋಗುವನು. ಗಾಜಿನೊಳಗೆ ಕಣ್ಣಿಟ್ಟು ಒಂದೊಂದು ಭಾಗವನ್ನು ನೋಡಿ ಬರುವನು. ಬಂದವನು ಅಂಗಡಿಯ ಮೂಲೆಯಲ್ಲಿದ್ದ ದೊಡ್ಡ ಹಂಡೆಯೊಳಗೆ ತಲೆ ತೂರಿಸಿ, ಒಳಮೈ ಮೇಲೆ ಸೀಮೆಸುಣ್ಣದಲ್ಲಿ ಬರೆಯುವನು. ಅವನದು ನೀಲಿ ಕೊಳವೆ, ನನ್ನದು ಕೆಂಪು. ಅವನದು ಒಂದು ಪಂಪು, ನನಗೆ ಎರಡು. ಅವನ ಕ್ಯಾಬಿನೆಟ್ಟಿಗೆ ಒಂದು ಬದಿ ಗಾಜು, ನನ್ನದಕ್ಕೆ ಮೂರು ಬದಿ. ಅವನ ರೇಡಿಯೇಟರಿಗೆ ಮೂರು ಫ್ಯಾನು, ನನ್ನದಕ್ಕೆ ನಾಲ್ಕು. ಹೆಂಡತಿ ಬಂದು ಹಂಡೆಯೊಳಗೆ ಏನು ಹುಡುಕುತ್ತಿದ್ದೀರಿ ಎಂದರೆ, ಸೋರುತ್ತದೆಯೋ ನೋಡುತ್ತಿದ್ದೇನೆ ಎನ್ನುವನು.

ನೋಡು ತಿಪ್ಪೇಶ, ಅವನು ಪ್ರತಿಯೊಂದು ಭಾಗವನ್ನೂ ಗೆಳೆಯನ ಭಾಗದ ಎದುರು ನಿಲ್ಲಿಸಿ ಆರಿಸಿದ. ತನ್ನ ಪಂಪಿಗೆ ತನ್ನ ಕೊಳವೆ ಹೊಂದುತ್ತದೆಯೇ, ತನ್ನ ಬಿಲ್ಲೆಗೆ ತನ್ನ ರೇಡಿಯೇಟರು ಹೊಂದುತ್ತದೆಯೇ ಎಂದು ಒಂದು ಸಲವೂ ನೋಡಲಿಲ್ಲ. ನಾನು ಆ ಕಾಲಕ್ಕೆ ಹುಟ್ಟಿದ್ದೆ. ಆದರೆ ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಎಲ್ಲ ಭಾಗಗಳೂ ಬಂದವು, ರೇಡಿಯೇಟರ್ ಒಂದು ಬಿಟ್ಟು. ಅಷ್ಟರಲ್ಲಿ ಪಾತ್ರೆಯವನು ಗೆಳೆಯನನ್ನು ಭಾನುವಾರ ಮನೆಗೆ ಕರೆದುಬಿಟ್ಟಿದ್ದ. ಏನೆಂದು ಹೇಳಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಗೆಳೆಯ ಬರಬೇಕು, ಗಾಜಿನ ಮುಂದೆ ಕೂರಬೇಕು, ಅವನ ಕಾಫಿಯೂ ಕೆನೆಗಟ್ಟಬೇಕು. ಆ ಮುಖವನ್ನು ಒಂದು ಗಳಿಗೆ ನೋಡಿದರೆ ಸಾಕು, ಆಮೇಲೆ ಯಂತ್ರವನ್ನು ಯಾರಾದರೂ ಎತ್ತಿಕೊಂಡು ಹೋಗಲಿ.

ಶುಕ್ರವಾರ ಅವನು ಬಿಡಿಭಾಗದ ಅಂಗಡಿಗೆ ಹೋದ.

"ಅಣ್ಣ, ನಾಲ್ಕು ಫ್ಯಾನಿಂದು ತಾಮ್ರದಲ್ಲಿ ಬೇಕಂದ್ರೆ ಒಂದು ತಿಂಗಳು ಕಾಯಬೇಕು," ಎಂದ ಅಂಗಡಿಯವನು. "ಈಗ ಇರೋದು ಇದೊಂದೇ. ಇದು ಅಲ್ಯೂಮಿನಿಯಂ. ನಿಮ್ಮ ಬಿಲ್ಲೆ ತಾಮ್ರದ್ದು. ಎರಡರೊಳಗೂ ಒಂದೇ ನೀರು ಓಡಾಡಿದ್ರೆ ಅಲ್ಯೂಮಿನಿಯಂ ಸವೆದು ಗಸಿ ಕಟ್ಟುತ್ತೆ. ಮೂರು ಫ್ಯಾನಿಂದು ತಾಮ್ರದ್ದೇ ಇದೆ, ನಿಮ್ಮ ಯಂತ್ರಕ್ಕೆ ಧಾರಾಳ ಆಯ್ತು, ಅದನ್ನ ಒಯ್ಯಿರಿ."

"ಮೂರು ಅವನ ಹತ್ರ ಇದೆ."

"ಯಾರ ಹತ್ರ?"



ಅಂಗಡಿಯವನು ಬುದ್ಧಿ ಹೇಳಿದ್ದು ಯಾರಿಗೆ? ಮೂರು ತಲೆಮಾರಿನ ಪಾತ್ರೆ ವ್ಯಾಪಾರಿಗೆ. ಕಲಾಯಿ ಹಾಕಿಸದ ತಾಮ್ರದ ಪಾತ್ರೆಯಲ್ಲಿ ಹುಣಸೆಹುಳಿ ಕುದಿಸಬೇಡಮ್ಮ ಎಂದು ದಿನಕ್ಕೆ ಹತ್ತು ಜನಕ್ಕೆ ಹೇಳುವವನು ಅವನು. ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿದರೆ ಯಾವ ಲೋಹ, ಎಷ್ಟು ಬೆರಕೆ, ಯಾವ ಊರಿನ ಕಂಚುಗಾರ ಬಡಿದದ್ದು ಎಂದು ಹೇಳಬಲ್ಲವನು. ಆ ವಿದ್ಯೆಯಲ್ಲಿ ಅವನಿಗೂ ನನಗೂ ಕೂದಲೆಳೆಯಷ್ಟೇ ವ್ಯತ್ಯಾಸ, ಆ ಕೂದಲು ನನ್ನ ಕಡೆಗಿತ್ತು. ಅವನು ರೇಡಿಯೇಟರನ್ನು ಕೈಗೆತ್ತಿಕೊಂಡ. ಅದು ಹೂವಿನಷ್ಟು ಹಗುರ. ಕೈಗೆ ಗೊತ್ತಾಯಿತು. ಅವನು ಕೈಗೆ ಸುಮ್ಮನಿರು ಎಂದ. ಮೇಲೆ ಬಿಳಿಯ ಬಣ್ಣ ಬಳಿದಿದ್ದರು. ಗಾಜಿನ ಆಚೆಯಿಂದ ನೋಡುವವನಿಗೆ ಲೋಹ ಕಾಣುವುದಿಲ್ಲ, ಫ್ಯಾನು ಎಷ್ಟೆಂಬುದು ಕಾಣುತ್ತದೆ. ಅವನು ಅದನ್ನೇ ತಂದ.

ಭಾನುವಾರ ಕನ್ನಡಕದವನು ಬಂದ. ಗಾಜಿನ ಮುಂದೆ ಕೂತ. ಪಾತ್ರೆಯವನು ಯಂತ್ರವನ್ನು ನೋಡಲಿಲ್ಲ, ಗೆಳೆಯನ ಮುಖವನ್ನೇ ನೋಡುತ್ತ ನಿಂತ.

"ಅಯ್ಯಯ್ಯೋ, ಭಾರಿ ಚೆನ್ನಾಗಿದೆ ಕಣೋ," ಎಂದ ಕನ್ನಡಕದವನು. ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ. ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡ. "ಅದಿರಲಿ, ನಿನ್ನೆ ಆ ಗೋಡೆ ಮೂಲೆಯಿಂದ ತಿರುಗಿ ಹೊಡೆದೆಯಲ್ಲ, ಅದು ಹೆಂಗೆ? ಒಂದು ಸಲ ತೋರಿಸು."

ಪಾತ್ರೆಯವನು ತೋರಿಸಲಿಲ್ಲ. ತಲೆನೋವು ಎಂದ. ಅಷ್ಟು ಮಾಡಿದರೂ ಗೆಳೆಯನ ಮುಖ ಒಂದಿಷ್ಟು ಸಪ್ಪಗಾಗಲಿಲ್ಲವಲ್ಲ ಎಂಬ ಸಂಕಟ ಅವನಿಗೆ ಮೊದಲಿನ ಸಂಕಟಕ್ಕಿಂತ ದೊಡ್ಡದಾಯಿತು. ಈ ಮನುಷ್ಯ ಒಳಗೊಳಗೇ ಉರಿದುಕೊಂಡು ಹೊರಗೆ ನಗುತ್ತಿದ್ದಾನೆ ಎಂದು ಒಂದು ವಾರ ಸಮಾಧಾನ ಮಾಡಿಕೊಂಡ. ಎರಡನೆಯ ವಾರ ಆ ಸಮಾಧಾನವೂ ನಿಲ್ಲಲಿಲ್ಲ. ಕೆಂಪು ಕೊಳವೆಯ ನೀರಿಗೆ ಹೊಳಪಿನ ಪುಡಿ ಹಾಕಿದ. ಒಳಗೆ ಇನ್ನೆರಡು ದೀಪ ಹಚ್ಚಿದ. ನೀರು ದಿನದಿಂದ ದಿನಕ್ಕೆ ಮಸುಕಾಗುತ್ತ ಬಂತು. ಪುಡಿಯದೇ ಬಣ್ಣ ಎಂದುಕೊಂಡ.

ಎರಡು ತಿಂಗಳ ಮೇಲೆ ಜಿಲ್ಲಾ ಪಂದ್ಯ. ಒಂದು ಕಲ್ಯಾಣ ಮಂಟಪದಲ್ಲಿ. ಆಡುವವರು ತಮ್ಮ ತಮ್ಮ ಯಂತ್ರವನ್ನು ತಾವೇ ತರಬೇಕು. ಇವರಿಬ್ಬರೂ ತಂದರು. ಬೆಳಗ್ಗೆಯಿಂದ ಮೂರು ಸುತ್ತು ಗೆದ್ದರು. ಪಾತ್ರೆಯವನು ನುಗ್ಗಿದ ಕಡೆಯೆಲ್ಲ ದಾರಿಯಾಯಿತು. ಐದನೆಯ ಸಲ ಕೊನೆಯ ಸುತ್ತಿಗೆ ಬಂದರು. ಎದುರಿಗೆ ಅದೇ ಜೋಡಿ. ಸಂಕೋಚದ ವಿಷಯ, ಮುಂದೆ ಹೋಗುತ್ತೇನೆ. ಆ ಸಲ ಎದುರಿನವರು ಸೋಲುತ್ತಿದ್ದರು. ಅದನ್ನು ನನ್ನಷ್ಟು ಚೆನ್ನಾಗಿ ಯಾರೂ ಹೇಳಲಾರರು.

ಇನ್ನು ಎರಡೇ ನಿಮಿಷ ಇತ್ತು. ಪಾತ್ರೆಯವನ ಪರದೆ ಕಪ್ಪಾಯಿತು.

ಗುಂಡಿ ಒತ್ತಿದ. ಹತ್ತಲಿಲ್ಲ. ಯಂತ್ರದ ಮೈ ಮೇಲೆ ಕೈಯಿಟ್ಟ. ರೊಟ್ಟಿ ಬೇಯುವಷ್ಟು ಕಾವು. ಕನ್ನಡಕದವನು ಒಬ್ಬನೇ ಉಳಿದ. ಮುಂದೆ ಯಾರೂ ಇಲ್ಲದೆ ಹಿಂದಿನಿಂದ ಕಾಯುವವನು ಯಾರನ್ನು ಕಾಯಬೇಕು? ಒಂದು ನಿಮಿಷ ತಡೆದ. ಆಮೇಲೆ ಅವನೂ ಬಿದ್ದ.

ಜನ ಚದುರಿದ ಮೇಲೆ ಇಬ್ಬರೂ ಯಂತ್ರವನ್ನು ಬಿಚ್ಚಿದರು. ತಾಮ್ರದ ಬಿಲ್ಲೆಯ ಕಾಲುವೆಗಳಲ್ಲೆಲ್ಲ ಬೂದು ಬಣ್ಣದ ಗಸಿ ಕಟ್ಟಿಕೊಂಡಿತ್ತು. ಒಂದು ಹನಿ ನೀರು ಹೋಗಲು ಜಾಗವಿರಲಿಲ್ಲ. ಕನ್ನಡಕದವನು ರೇಡಿಯೇಟರಿನ ಬಿಳಿ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದ.

"ಇದು ಅಲ್ಯೂಮಿನಿಯಂ ಅಲ್ವೇನೋ? ನೀನು ಪಾತ್ರೆ ಮಾರೋನು! ನಿನಗೆ ಗೊತ್ತಾಗಲಿಲ್ವೇ?"

"ಗೊತ್ತಿತ್ತು."

"ಗೊತ್ತಿದ್ದೂ ಹಾಕಿದೆಯಾ?"

"ನಿನ್ನದಕ್ಕೆ ಮೂರು ಫ್ಯಾನಿತ್ತು," ಎಂದ ಪಾತ್ರೆಯವನು. "ಇದನ್ನು ನೋಡಿ ನಿನ್ನ ಮುಖ ಸಣ್ಣಗಾಗೋದನ್ನ ಒಂದು ಸಲ ನೋಡಬೇಕಿತ್ತು."

ಕನ್ನಡಕದವನು ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ.

"ನಾನು ನೀರಿನ ಯಂತ್ರ ಯಾಕೆ ತಂದೆ ಅಂತ ಒಂದು ದಿನವಾದರೂ ಕೇಳಿದೆಯಾ?" ಎಂದ. "ಆ ಗಿರಣಿ ಮುಂದೆ ಕೂತುಕೊಂಡು ನೀನು ದಿನಾ ಲೆಕ್ಕದಲ್ಲಿ ನನಗಿಂತ ಮೇಲೆ ಬರ್ತಿದ್ದೆ. ಹತ್ತು ವರ್ಷ. ನೀನು ಅದನ್ನ ನೋಡದೆ ಊಟಕ್ಕೆ ಎದ್ದು ಹೋಗ್ತಿದ್ದೆ. ನಾನು ಕೂತು ನೋಡ್ತಿದ್ದೆ. ಆ ಉರಿ ತಡೆಯೋಕೆ ಆಗದೆ ಇದನ್ನ ತಂದೆ. ಯಂತ್ರ ತಣ್ಣಗಾಯ್ತು. ನನ್ನ ಕೈ ಹೆಂಗಿತ್ತೋ ಹಂಗೇ ಇದೆ."

ಇಬ್ಬರೂ ತಮ್ಮ ತಮ್ಮ ಯಂತ್ರವನ್ನು ಎತ್ತಿಕೊಂಡು ಮಂಟಪದ ಮೆಟ್ಟಿಲಿಳಿದರು. ಆ ಜೋಡಿ ಆಮೇಲೆ ಪಂದ್ಯಕ್ಕೆ ಬರಲಿಲ್ಲ. ಐದನೆಯ ಕಪ್ಪು ಗೆದ್ದವನ ಮನೆಯಲ್ಲಿದೆ. ಆ ಒಂದು ಕಪ್ಪಿನ ಬಗ್ಗೆ ಮಾತ್ರ ಯಾರು ಕೇಳಿದರೂ ಅವನು ಜಂಬ ಕೊಚ್ಚುವುದಿಲ್ಲ.

ಮಾವ ಕತೆ ನಿಲ್ಲಿಸಿದರು. ತಿಪ್ಪೇಶನ ಕಣ್ಣು ಮಿಂಚಿತು. ಮುಂದಕ್ಕೆ ಬಾಗಿ ಕೇಳಿದ:

"ಹಾಗಾದರೆ ಮಾವ, ವೀರೇಶನೂ ನನ್ನನ್ನು ನೋಡಿ ಒಳಗೊಳಗೇ ಉರಿದುಕೊಳ್ಳುತ್ತಿರಬಹುದು ಅಲ್ಲವೇ?"

"ಒಂದು ವಾರದಿಂದ ಬಾಡಿದ್ದ ನಿನ್ನ ಮುಖ ಈಗ ಅರಳಿತು ನೋಡು," ಎಂದರು ಮಾವ, "ಅವನಿಗೂ ಸಂಕಟವಿದೆ ಎಂದು ಅನ್ನಿಸಿದ ಮೇಲೆ."