ಕಿಟಕಿ ಪಕ್ಕದ ಸೀಟು

ಟುಲಿಪ್ ತೋಟಕ್ಕೆ ಅರ್ಧ ದಿನದ ಪ್ರವಾಸವೆಂದು ಬಾತುಕೋಳಿ ಬಸ್ಸು ಗೊತ್ತುಮಾಡಿದಾಗ ಎಲ್ಲರಿಗಿಂತ ಮೊದಲು ಓಡಿಬಂದವನು ಏಡಿರಾಯ. ಓಡಿದ್ದು ಅಡ್ಡಡ್ಡವಾಗಿಯಾದರೂ ಗುರಿ ನೇರವಾಗಿತ್ತು: ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದುಬಿಟ್ಟ. ಎಮ್ಮೆಯಮ್ಮ ಪಾಪ, ದಾರಿಯುದ್ದಕ್ಕೂ ನಿಂತೇ ಬಂದಳು.

ತೋಟ ಬಂತು. ಬಾತುಕೋಳಿ ಕೊಡೆ ಎತ್ತಿ, "ಎಲ್ಲರೂ ಇಳಿಯಿರಿ. ಒಂದು ಗಂಟೆ ಸಮಯ. ಈ ಹೂ ಮತ್ತೆ ಅರಳುವುದು ಮುಂದಿನ ವಸಂತಕ್ಕೇ" ಎಂದು ಕೂಗಿತು. ಏಡಿರಾಯ ಮಾತ್ರ ಎರಡೂ ಇಕ್ಕಳಗಳಿಂದ ಸೀಟನ್ನು ಬಿಗಿಯಾಗಿ ಹಿಡಿದು ಕೂತಿದ್ದ.

"ರಾಯರೇ, ತಾವು ಬರುವುದಿಲ್ಲವೇ?"

"ನಾನು ಎದ್ದರೆ ಎಮ್ಮೆಯಮ್ಮ ಕೂತುಬಿಡುತ್ತಾಳೆ."

"ಟವೆಲ್ ಹಾಕಿಟ್ಟು ಬನ್ನಿ."

"ಟವೆಲನ್ನು ನಂಬುವುದುಂಟೇ? ಇಂಥ ಎಷ್ಟು ಟವೆಲುಗಳನ್ನು ನಾನೇ ಎತ್ತಿ ಆಚೆ ಎಸೆದಿದ್ದೇನೆ!"

ಬಾತುಕೋಳಿ ಉಳಿದವರನ್ನು ಕರೆದುಕೊಂಡು ತೋಟದೊಳಗೆ ಹೊರಟುಹೋಯಿತು. ಬಸ್ಸು ತೋಟದ ಕಾಂಪೌಂಡಿಗೆ ಒತ್ತಿ ನಿಂತಿದ್ದರಿಂದ ಕಿಟಕಿಯ ತುಂಬ ಸುಣ್ಣ ಬಳಿದ ಗೋಡೆ. ಗೋಡೆಯಾಚೆಯಿಂದ "ಅಬ್ಬಬ್ಬಾ, ಕೆಂಪು ನೋಡ್ರೇ!" "ಇಲ್ಲಿ ಹಳದಿ!" ಎಂಬ ಕೂಗು. ಏಡಿರಾಯನ ಒಂದು ಕಾಲು ತಾನಾಗಿ ಸೀಟಿನಿಂದ ಕೆಳಗಿಳಿಯಿತು. ಉಳಿದ ಕಾಲುಗಳು ಅದನ್ನು ಗದರಿಸಿ ಮೇಲೆ ಕರೆಸಿಕೊಂಡವು.

ಎಮ್ಮೆಯಮ್ಮ ಮೂಗಿನ ತುಂಬ ಪರಾಗ ಮೆತ್ತಿಕೊಂಡು ಬಂದು ಮತ್ತೆ ನಿಂತಳು. "ಆ ಸೀಟಿನಲ್ಲಿ ನಾನು ಹಿಡಿಸುವುದೇ ಇಲ್ಲ ರಾಯರೇ. ಒಂದು ಮಾತು ಕೇಳಿದ್ದರೆ ಆಗಲೇ ಹೇಳುತ್ತಿದ್ದೆ" ಎಂದಳು.

ಮನೆಯಲ್ಲಿ ಹೆಂಡತಿ ಕಾದಿದ್ದಳು. "ಏನ್ರೀ, ಹೂ ಹೇಗಿತ್ತು?"

ಏಡಿರಾಯ ಎದೆಯುಬ್ಬಿಸಿ ಹೇಳಿದ: "ಹೋಗುವಾಗಲೂ ಕಿಟಕಿ, ಬರುವಾಗಲೂ ಕಿಟಕಿ!"