ಕುಂಕುಮ ಮೆತ್ತಿದ ಬೀಗದಕೈ

“ಗುರುಗಳೇ, ತಪ್ಪು ತಿಳಿಯಬೇಡಿ. ನೀವು ನನಗೆ ಮಾಡಿದ ಉಪದೇಶ ಅಸಲಿಯೋ, ನಕಲಿಯೋ?”

ಹೀಗೆ ಕೇಳಿದವನು ಗುರುಶಾಂತ ಎಂಬ ಶಿಷ್ಯ. ಅವನು ಮಠಕ್ಕೆ ಬಂದ ದಿನ ಗುರುಗಳು ಅವನ ಕಿವಿಯಲ್ಲಿ ಒಂದೇ ಒಂದು ಮಾತು ಹೇಳಿದ್ದರು. ಅವನು ಅದನ್ನು ತಾಮ್ರದ ತಗಡಿನ ಮೇಲೆ ಕೆತ್ತಿಸಿ, ಮಣೆಯ ಮೇಲಿಟ್ಟು, ಎರಡು ಹೊತ್ತೂ ಹೂವೇರಿಸಿ ಪೂಜಿಸುತ್ತಿದ್ದ.

ಗುರುಗಳು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರಿಗೆ ನಗು ಬಂತು. “ನಕಲಿ ಎಂದು ಯಾಕೆ ಅನಿಸಿತಪ್ಪ?” ಎಂದರು.

“ಇಷ್ಟು ಪೂಜೆ ಮಾಡಿದರೂ ಒಳಗಿನ ಬಾಗಿಲು ತೆರೆಯುತ್ತಿಲ್ಲ. ಒಂದಲ್ಲ ಒಂದು ವಿಘ್ನ. ಈಗ ತಾನೇ ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಯಾರೋ ದಾರಿಹೋಕ ಬಂದು ಬಾಗಿಲಲ್ಲಿ ನಿಂತ. ಪೂಜೆ ಮುಗಿಯಲಿ, ಆಮೇಲೆ ಬಾ ಎಂದು ಕಳಿಸಿದೆ. ಆದರೂ ಮನಸ್ಸು ಕದಡಿಯೇ ಹೋಯಿತು.”

ಗುರುಗಳು ಮೊರವನ್ನು ಬದಿಗಿಟ್ಟು ಎದ್ದರು. ಅಂಗಳ ದಾಟಿ ದಾರಿಯವರೆಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಹಿತ್ತಲ ಕಡೆಯಿಂದ ಬಂದು ಮತ್ತೆ ಮೊರದ ಮುಂದೆ ಕೂತರು. ಎಲ್ಲಿಗೆ ಹೋಗಿದ್ದಿರಿ ಎಂದು ಗುರುಶಾಂತ ಕೇಳಲಿಲ್ಲ. ಅವನಿಗೆ ತನ್ನ ಪ್ರಶ್ನೆಯದೇ ಚಿಂತೆ.

“ನೀನೂ ನಾಲ್ಕು ಕಾಯಿ ಸುಲಿ” ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ರೇಷ್ಮೆ ವ್ಯಾಪಾರಿ ಇದ್ದ. ಅವನ ಮನೆಯ ನಡುವೆ ಗಟ್ಟಿ ಗೋಡೆಯ ಒಂದು ಕೋಣೆ. ಮಗಳ ಮದುವೆಗೆಂದು ಕೂಡಿಸಿದ ಒಡವೆ, ತಾಳಿ, ಧಾರೆ ಸೀರೆ ಎಲ್ಲ ಅದರಲ್ಲಿದ್ದವು. ತಾಯಿಯಿಲ್ಲದ ಮಗಳು, ಅವಳೆಂದರೆ ಅವನಿಗೆ ಜೀವ. ಒಂದು ದಿನ ಕಳ್ಳನೊಬ್ಬ ಕೋಣೆಯ ಬೀಗದಕೈಯನ್ನು ಮೇಣಕ್ಕೆ ಒತ್ತಿ, ಆ ಅಚ್ಚಿನಿಂದ ಇನ್ನೊಂದು ಮಾಡಿಸಿ, ಅರ್ಧ ಒಡವೆ ಹೊತ್ತುಕೊಂಡು ಹೋದ. ವ್ಯಾಪಾರಿಗೆ ಅನ್ನ ಸೇರದಾಯಿತು. ಉಳಿದದ್ದೂ ಹೋದರೆ ಮಗಳನ್ನು ಧಾರೆ ಎರೆಯುವುದು ಹೇಗೆ ಎಂದು ಕೊರಗಿದ.

ಬೀಗ ಮಾಡುವ ಆಚಾರಿಯನ್ನು ಕರೆಸಿದ. ಆಚಾರಿ ಹೇಳಿದ: “ಯಜಮಾನರೇ, ಬೀಗ ನೋಡುವುದು ಹಲ್ಲನ್ನು ಮಾತ್ರ. ಅಂಥ ಹಲ್ಲನ್ನು ಅರ ಹಿಡಿದವರು ಯಾರು ಬೇಕಾದರೂ ಉಜ್ಜಿ ಮಾಡುತ್ತಾರೆ. ನಾನು ಬೆಳಕಿನಿಂದ ಗುರುತು ಹಿಡಿಯುವ ಹಾಗೆ ಮಾಡಿಕೊಡುತ್ತೇನೆ.”

ಅವನು ಹೊಸ ಬೀಗದಕೈ ಮಾಡಿದ. ಅದರ ತಲೆ ದುಂಡಗೆ, ಕಂಚಿನದು. ಅದನ್ನು ಸಣ್ಣ ಸುತ್ತಿಗೆಯಿಂದ ನೂರಾರು ಸಲ ತಟ್ಟಿ, ಉಜ್ಜಿ, ಹೊಳಪು ಕೊಟ್ಟ. ಕೋಣೆಯ ಮುಂದಿನ ಕತ್ತಲೆಯ ಹಜಾರದಲ್ಲಿ ಒಂದು ಮುಚ್ಚಿದ ಗೂಡು ಕಟ್ಟಿ ದೀಪ ಇಟ್ಟ. ಗೂಡಿಗೆ ಒಂದೇ ಸಣ್ಣ ತೂತು. ತೂತಿನ ಎದುರು ಬೀಗದಕೈ ಇಟ್ಟರೆ, ದೀಪದ ಬೆಳಕು ಅದರ ತಲೆಗೆ ತಾಗಿ, ಸುಣ್ಣ ಬಳಿದ ಗೋಡೆಯ ಮೇಲೆ ರಂಗೋಲಿ ಎಳೆದ ಹಾಗೆ ಗೆರೆಗೆರೆಯಾಗಿ ಬೀಳುತ್ತಿತ್ತು. ಆಚಾರಿ ಆ ಗೆರೆಗಳ ಮೇಲೆಯೇ ಮಸಿಯಿಂದ ಗುರುತು ಹಾಕಿದ.

“ಗೆರೆಗಳೆಲ್ಲ ಸುತ್ತಿಗೆಯ ಏಟಿನಿಂದ ಆದವು. ಇಂಥದ್ದೇ ಇನ್ನೊಂದು ಮಾಡು ಎಂದರೆ ನನ್ನ ಕೈಯಲ್ಲೂ ಆಗದು” ಎಂದ.

ಬೀಗದ ಜೊತೆಗೆ ಬಾಗಿಲಿಗೆ ಒಂದು ದಪ್ಪ ಅಗುಳಿಯನ್ನೂ ಹಾಕಿಸಿ, ವಯಸ್ಸಾದ ಪೈಲ್ವಾನನೊಬ್ಬನನ್ನು ಕಾವಲಿಗೆ ಕೂರಿಸಿದರು. ವ್ಯಾಪಾರಿ ಅವನಿಗೆ ಕಟ್ಟುನಿಟ್ಟಾಗಿ ಹೇಳಿದ: “ಬೆಳಕು ಗುರುತಿನ ಮೇಲೆ ಕೂತರೆ ಅಗುಳಿ ತೆಗೆ. ಇಲ್ಲದಿದ್ದರೆ ನಾನೇ ಬಂದರೂ ತೆಗೆಯಬೇಡ.” ಪೈಲ್ವಾನ ಮಾತು ಕಡಿಮೆಯ ಮನುಷ್ಯ. ಆಗಲಿ ಎಂದ.

ಕಳ್ಳ ಒಮ್ಮೆ ರುಚಿ ಕಂಡವನು. ಹೇಗೋ ಮತ್ತೆ ಅಚ್ಚು ತೆಗೆದು, ವ್ಯಾಪಾರಿಯ ಪೇಟದಂಥದ್ದೇ ಪೇಟ ಸುತ್ತಿಕೊಂಡು, ಗತ್ತಿನಿಂದ ಬಂದ. ಬೀಗದಕೈಯ ಹಲ್ಲು ಸರಿಯಾಗಿತ್ತು. ತಲೆಯೂ ಸರಿಯಾಗಿತ್ತು. ಗೋಡೆಯ ಮೇಲೆ ಬಿದ್ದ ಬೆಳಕು ಮಾತ್ರ ಬೇರೆ. ಪೈಲ್ವಾನ ಅವನನ್ನು ನೆಲಕ್ಕೆ ಕೆಡವಿ, ಮೇಲೆ ತಾನು ಕೂತ. ಊರಿನವರು ಬರುವವರೆಗೆ ಏಳಲಿಲ್ಲ. ಮೊದಲು ಕದ್ದ ಒಡವೆಯೂ ವಾಪಸು ಬಂದು ಕೋಣೆ ಸೇರಿತು.

ವ್ಯಾಪಾರಿಗೆ ಹೇಳತೀರದ ಸಂತೋಷ. ಆ ಬೀಗದಕೈ ಅವನಿಗೆ ಮನೆದೇವರೇ ಆಯಿತು. ದೇವರ ಕೋಣೆಯಲ್ಲಿ, ಬೆಳ್ಳಿಯ ತಟ್ಟೆಯಲ್ಲಿ ಇಟ್ಟ. ಸೋಮವಾರ ವಿಭೂತಿ, ಗಂಧ. ಶುಕ್ರವಾರ ಅರಿಸಿನ, ಕುಂಕುಮ. ಆಯುಧಪೂಜೆಯ ದಿನವಂತೂ ಬೀಗದಕೈ ಎಲ್ಲಿದೆ ಎಂದು ತಟ್ಟೆಯಲ್ಲಿ ಹುಡುಕಬೇಕು! ಏರಿಸಿದ್ದನ್ನು ಒರೆಸಿದರೆ ಅಪಚಾರವಾದೀತು ಎಂದು ಒಮ್ಮೆಯೂ ಒರೆಸಲಿಲ್ಲ. ಎಲ್ಲ ಸೇರಿ ಕಾವಲಿಗೆ ಕಚ್ಚಿದ ದೋಸೆಯ ಹಾಗೆ ಕಚ್ಚಿಕೊಂಡಿತು. ಆಮೇಲೆ ಮದುವೆಯವರೆಗೆ ಆ ಕೋಣೆ ತೆಗೆಯುವ ಕೆಲಸವೂ ಬೀಳಲಿಲ್ಲ.

ಮದುವೆಯ ದಿನ ಬಂತು. ಮನೆಯ ಮುಂದೆ ಚಪ್ಪರ, ಓಲಗ, ಗಂಡಿನ ಕಡೆಯವರ ಸಡಗರ. ಮುಹೂರ್ತಕ್ಕೆ ಸ್ವಲ್ಪವೇ ಹೊತ್ತು ಉಳಿದಿತ್ತು. ಅದು ತಪ್ಪಿದರೆ ಆಷಾಢ ಕಳೆಯುವವರೆಗೆ ಮದುವೆಯಿಲ್ಲ. ವ್ಯಾಪಾರಿ ತಟ್ಟೆ ಸಮೇತ ಬಂದು ಬೀಗದಕೈಯನ್ನು ದೀಪದ ಎದುರು ಇಟ್ಟ. ಗೋಡೆಯ ಮೇಲೆ ಒಂದು ಗೆರೆಯೂ ಬೀಳಲಿಲ್ಲ.

“ತೆಗೆಯುವ ಹಾಗಿಲ್ಲ, ಯಜಮಾನರೇ” ಎಂದ ಪೈಲ್ವಾನ.

“ಅಯ್ಯೋ, ನಾನು ಕಣೋ! ನನ್ನ ಗುರುತಿಲ್ಲವೇನೋ?”

“ಗುರುತು ಚೆನ್ನಾಗಿದೆ. ನೀವೇ ಬಂದರೂ ಬೇಡ ಎಂದವರು ನೀವೇ ಅಲ್ಲವೇ?”

ವ್ಯಾಪಾರಿ ಬೆವತುಹೋದ. ಯಾರೋ ಅಸಲಿಯನ್ನು ಕದ್ದು ನಕಲಿ ಇಟ್ಟಿದ್ದಾರೆ ಎಂದು ಕೂಗಾಡಿದ. ಬಾಗಿಲು ಒಡೆಯಿರಿ ಎಂದ. ಬಾಗಿಲ ಮುಂದೆ ಪೈಲ್ವಾನ ನಿಂತಿದ್ದರಿಂದ ಯಾರೂ ಮುಂದೆ ಬರಲಿಲ್ಲ. ಕೊನೆಗೆ ವ್ಯಾಪಾರಿಗೆ ಒಂದು ಯೋಚನೆ ಬಂತು. ಪೂಜೆ ಸಾಲದೇ ಹೋಗಿರಬೇಕು! ಅಲ್ಲಿಯೇ ತೆಂಗಿನಕಾಯಿ ಒಡೆದು, ನೀರನ್ನು ಬಟ್ಟಲಿಗೆ ಹಿಡಿದು, ಬೀಗದಕೈಗೆ ಇನ್ನಷ್ಟು ಕುಂಕುಮ ಹಚ್ಚಿದ.

ಗಲಾಟೆ ಕೇಳಿ ಮಗಳು ಬಂದಳು. ಹಣೆಗೆ ಬಾಸಿಂಗ ಕಟ್ಟಿದ್ದಳು. ಬೀಗದಕೈಯನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ಅದನ್ನು ಕಾಯಿನೀರಿನ ಬಟ್ಟಲಿಗೆ ಅದ್ದಿ, ಸೆರಗಿನಿಂದ ಗಸಗಸ ಉಜ್ಜತೊಡಗಿದಳು.

“ಅಪಚಾರ! ಅಪಚಾರ!” ಎಂದು ತಂದೆ ಬಾಯಿ ಬಡಿದುಕೊಂಡ.

“ನೀವು ಪೂಜೆ ಮಾಡಿದಿರಿ ಅಪ್ಪಾ, ಅದು ಬೇಡ ಅನ್ನಲಿಲ್ಲ. ಈಗ ಅದರ ಕೆಲಸ ಅದು ಮಾಡಲಿ, ಬಿಡಿ” ಎಂದಳು ಮಗಳು.

ಅವಳು ಬೀಗದಕೈಯನ್ನು ದೀಪದ ಎದುರು ಇಟ್ಟಳು. ಗೋಡೆಯ ಮೇಲೆ ಗೆರೆಗಳು ಮೂಡಿದವು. ಎಲ್ಲವೂ ಸರಿಯಾಗಿ ಮಸಿಯ ಗುರುತಿನ ಮೇಲೆ ಕೂತವು. ಮಾತು ಕಡಿಮೆಯ ಪೈಲ್ವಾನ “ಬಿತ್ತು! ಬಿತ್ತು!” ಎಂದು ಚಪ್ಪರಕ್ಕೆಲ್ಲ ಕೇಳುವಂತೆ ಕೂಗಿ ಅಗುಳಿ ತೆಗೆದ. ಅವನ ಕೂಗು ಕೇಳಿ, ತಾಳಿ ಕಟ್ಟಿಯೇ ಬಿಟ್ಟರೇನೋ ಎಂದು ಓಲಗದವರು ಗಟ್ಟಿಮೇಳ ಹೊಡೆದರು. ನೆಂಟರು ಅಲ್ಲಿದ್ದವರ ಮೇಲೆಲ್ಲ ಅಕ್ಷತೆ ಹಾಕಿದರು. ವ್ಯಾಪಾರಿ ಅಳುತ್ತಾ ನಗುತ್ತಾ ಬೀಗ ತೆಗೆದು ಒಳಗೆ ಓಡಿದ. ಮುಹೂರ್ತ ತಪ್ಪಲಿಲ್ಲ. ಊಟದ ಪಂಕ್ತಿಯಲ್ಲಿ ಪೈಲ್ವಾನನಿಗೆ ವ್ಯಾಪಾರಿ ತಾನೇ ನಿಂತು ಹೋಳಿಗೆ ಬಡಿಸಿದ, ಸಾಕು ಎಂದರೂ ಬಿಡಲಿಲ್ಲ.

ಕತೆ ಮುಗಿಯಿತು. ಗುರುಶಾಂತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಎಂಥ ಪೆದ್ದ! ಕೈಯಲ್ಲಿದ್ದ ಅಸಲಿಯನ್ನೇ ನಕಲಿ ಎಂದನಲ್ಲ!”

ಗುರುಗಳೂ ನಕ್ಕರು. “ಹೌದು, ಪೆದ್ದನೇ. ಅದಿರಲಿ, ನಿನ್ನ ತಗಡಿನ ಮೇಲೆ ಏನು ಕೆತ್ತಿಸಿದ್ದೀಯ, ಒಮ್ಮೆ ಹೇಳು.”

“ಹಸಿದು ಬಂದವರನ್ನು ಕಾಯಿಸ...”

ಅರ್ಧ ಸುಲಿದ ಕಾಯಿ ಕೈಯಲ್ಲೇ ಉಳಿಯಿತು. ಒಳಗಿನಿಂದ ಯಾರೋ ನೀರು ಕುಡಿದು ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

“ಆ ದಾರಿಹೋಕ ಆಗಲೇ ಊಟಕ್ಕೆ ಕೂತಿದ್ದಾನೆ ಮಗು, ಹೋಗಿ ತುಪ್ಪ ಬಡಿಸು” ಎಂದರು ಗುರುಗಳು.